ಹೊಳೆಯವರೆಗೆ ಓಡಿದರೆ ಅವ್ವನಿಗೆ ಚಹಾ

ನಲವತ್ತೆರಡು ಕಿಲೋಮೀಟರು ಓಡಿದ ಮನುಷ್ಯನೊಬ್ಬ ತನ್ನ ಮನೆಯ ಅಂಗಳದಿಂದ ನೀರಿನ ಟಾಕಿಯವರೆಗೆ ಓಡಲಾರ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಸರವಿಲ್ಲ. ನಾನೂ ನಂಬಿರಲಿಲ್ಲ. ಮನುಷ್ಯನಿಗೆ ತನ್ನ ದೇಹದ ಮೇಲೆ ಎಷ್ಟು ವಿಶ್ವಾಸವಿರುತ್ತದೆ ಎಂದರೆ, ಅದು ಕೈಕೊಟ್ಟಾಗ ಅವನಿಗೆ ಮೊದಲು ಅನುಮಾನ ಬರುವುದು ಬೂಟಿನ ಮೇಲೆ, ಆಮೇಲೆ ರಸ್ತೆಯ ಮೇಲೆ, ಆಮೇಲೆ ಹವೆಯ ಮೇಲೆ. ದೇಹದ ಸರದಿ ಬರುವುದು ಕಟ್ಟಕಡೆಗೆ. ಆವತ್ತು ಬೆಳಿಗ್ಗೆ ಟಾಕಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗ ನಾನು ಮೊಳಕಾಲ ಮೇಲೆ ಕೈಯೂರಿ ನಿಂತೆ. ಹಿಂದಿನಿಂದ ಹಳೆಯ ಎಂಜಿನ್ನೊಂದು ಏದುಸಿರು ಬಿಡುತ್ತಿರುವ ಸದ್ದು ಕೇಳಿಸಿತು. ಕಬ್ಬಿನ ಟ್ರ್ಯಾಕ್ಟರ್ ಬಂತು ಎಂದು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ತಿರುಗಿ ನೋಡಿದರೆ ಟ್ರ್ಯಾಕ್ಟರ್ ಇಲ್ಲ. ಆ ಸದ್ದು ನನ್ನ ಎದೆಯಿಂದಲೇ ಬರುತ್ತಿತ್ತು. ನನಗೆ ಆದ ಗಾಬರಿಯಲ್ಲಿ ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಸುಕುಮಾರ. ಮನೆ ಉಗಾರ ಬುದ್ರುಕದ ತೋಟದಲ್ಲಿ, ಅಂಗಡಿ ಕಾಗವಾಡದಲ್ಲಿ. ಕನ್ನಡಕದ ಅಂಗಡಿ. ದಿನವಿಡೀ ಸ್ಟೂಲಿನ ಮೇಲೆ ಕೂತು ಮಂದಿಯ ಮೂಗು ಕಿವಿ ಅಳೆಯುವ ಕೆಲಸದಲ್ಲಿ ನಡೆಯುವುದಕ್ಕೇ ಆಸ್ಪದವಿಲ್ಲ, ಓಡುವುದು ದೂರವೇ ಉಳಿಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ ಅಥಣಿಯ ಡಾಕ್ಟರರೊಬ್ಬರು ನನ್ನ ರಕ್ತದ ಕಾಗದ ನೋಡಿ, "ಸಕ್ಕರಿ ಹೊಸ್ತಿಲ ಮ್ಯಾಲೆ ಬಂದು ನಿಂತೈತ್ರಿ, ಒಳಗ ಕರಕೋಬ್ಯಾಡ್ರಿ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆ ಸಕ್ಕರೆಗೆ ಹೆದರಿ ಓಡಬೇಕೆಂದರೆ ಎಲ್ಲಿಗೆ ಓಡುವುದು? ಯಾವ ದಿಕ್ಕಿಗೆ ಹೋದರೂ ಕಬ್ಬೇ. ಆದರೂ ಮರುದಿನದಿಂದ ಶುರು ಮಾಡಿದೆ. ಮನೆಯಿಂದ ಕೃಷ್ಣೆಯ ದಂಡೆಗೆ ಮೂರು ಕಿಲೋಮೀಟರು, ತಿರುಗಿ ಮೂರು. ಹೊಳೆಯ ನೀರು ಮುಟ್ಟುವುದು, ಹೊಳ್ಳಿ ಬರುವುದು. ನಾಲ್ಕು ವರ್ಷ ಹೀಗೇ ನಡೆಯಿತು. ನನ್ನ ಜೊತೆಗೆ ಓಡಲು ಯಾರೂ ಬರಲಿಲ್ಲ. ಒಬ್ಬ ದಸ್ತಗೀರ ಮಾತ್ರ ಬರುತ್ತಿದ್ದ, ಅವನೂ ಸ್ಕೂಟರ್ ಮೇಲೆ. ದಸ್ತಗೀರ ನನ್ನ ಸಾಲೆಯ ದೋಸ್ತ, ಕಾಗವಾಡದಲ್ಲಿ ನನ್ನ ಅಂಗಡಿಗೆ ಅಂಟಿಕೊಂಡೇ ಅವನ ಪಂಕ್ಚರ್ ಅಂಗಡಿ. ನೀರಿನ ಬಾಟಲಿ ಹಿಡಿದು ಹಿಂದೆ ಹಿಂದೆ ಬಂದು, "ಲೇ ಸುಕ್ಯಾ, ನಿನ್ನ ಎಡಗಾಲಾಗ ಗಾಳಿ ಕಡಿಮಿ ಐತಿ ನೋಡು" ಎನ್ನುತ್ತಿದ್ದ.

ಈ ನಾಲ್ಕು ವರ್ಷದ ಓಟ ತಲೆಗೇರಿ, ಒಂದು ದೊಡ್ಡ ಊರಿನ ಮ್ಯಾರಥಾನಿಗೆ ಹೆಸರು ಕೊಟ್ಟೆ. ಓಡಿದೆ. ಮುಗಿಸಿದೆ. ಎಷ್ಟು ಹೊತ್ತಿನಲ್ಲಿ ಎಂದು ಕೇಳಬೇಡಿ; ನಾನು ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಆದರೆ ಒಂದು ವಿಷಯ ಹೇಳಲೇಬೇಕು. ಮೂವತ್ತೈದನೆಯ ಕಿಲೋಮೀಟರಿನ ಹತ್ತಿರ ಕಣ್ಣಿಗೆ ಕತ್ತಲೆ ಬಂದಾಗ ಹುಡುಗಿಯೊಬ್ಬಳು ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಕೊಟ್ಟಳು. ನಮ್ಮದು ನೆಲದೊಳಗೆ ಬೆಳೆದದ್ದನ್ನು ತಿನ್ನದ ಜೈನರ ಮನೆ. ಅವ್ವನ ಪಾಲಿಗೆ ಆಲೂಗಡ್ಡೆ ಎಂದರೆ ಹೆಸರೆತ್ತಬಾರದ ವಸ್ತು. ನಾನು ನಲವತ್ತಾರು ವರ್ಷ ಮುಟ್ಟದ್ದನ್ನು ಮೂರು ಸೆಕೆಂಡಿನಲ್ಲಿ ನುಂಗಿದೆ. ನುಂಗಿದ್ದು ಹೋಗಲಿ, ಮನೆಗೆ ಬಂದು ಮೆಡಲ್ ತೋರಿಸುತ್ತ ಓಟದ ಕಥೆ ಹೇಳುವ ಹುರುಪಿನಲ್ಲಿ ಅದನ್ನೂ ಹೇಳಿಬಿಟ್ಟೆ. ಅವ್ವನ ಮುಖ ಬಿಳಿಚಿಕೊಂಡಿತು. "ಬಟಾಟಿ?" ಎಂದಳು. ಮೆಡಲನ್ನು ನನ್ನ ಕೈಗೆ ಹೊಳ್ಳಿ ಕೊಟ್ಟು ಒಳಗೆ ಹೋದಳು. ಐದು ದಿನಕ್ಕೆ ನನಗೆ ಟೈಫಾಯ್ಡ್ ಜ್ವರ ಬಂದಾಗ ಮಿರಜದ ದೊಡ್ಡ ಡಾಕ್ಟರರು ನೀರಿನಿಂದ ಬಂದದ್ದು ಎಂದರು. ನಮ್ಮ ಮನೆಯಲ್ಲಿ ಮಾತ್ರ ಅದು ಇವತ್ತಿಗೂ ಬಟಾಟಿ ಜ್ವರವೇ.

ಜ್ವರದಲ್ಲಿ ಬಿದ್ದಾಗ ಇನ್ನೊಂದು ಅನಾಹುತವೂ ನಡೆಯಿತು. ಮ್ಯಾರಥಾನ್ ಮುಗಿಸಿ ಬಂದ ನನ್ನ ಅಭಿನಂದನೆಗೆ ಗೆಳೆಯರು ಕಾಗವಾಡದ ಸರ್ಕಲ್ಲಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಹಾಕಿಸಿದ್ದರು. ಓಡುವ ಫೋಟೋ ಸರಿ ಬರಲಿಲ್ಲವೆಂದು ಆಧಾರ ಕಾರ್ಡಿನಲ್ಲಿ ಇರುವಂಥ ಒಂದು ನೆಟ್ಟಗಿನ ಫೋಟೋ ಹಾಕಿ, ಯಾರೋ ಅಭಿಮಾನದಿಂದ ಮೇಲೆ ಚೆಂಡುಹೂವಿನ ಹಾರವನ್ನೂ ತೂಗುಹಾಕಿದ್ದರು. ವಾರದಲ್ಲಿ ಒಂದು ಮಳೆ ಬಂತು. "ಅಭಿನಂದನೆ" ಎಂಬ ಕೆಂಪು ಅಕ್ಷರ ಇಳಿದುಹೋಯಿತು. ಉಳಿದದ್ದು ನಾನು, ನನ್ನ ಹೆಸರು, ಬಾಡಿದ ಹಾರ. ಇತ್ತ ಅಂಗಡಿಯ ಬಾಗಿಲು ಮುಚ್ಚಿದೆ, ಸುಕುಮಾರಣ್ಣ ಮಿರಜದ ಆಸ್ಪತ್ರೆಯಲ್ಲಿದ್ದಾನೆ ಎಂಬ ಸುದ್ದಿ ಇದೆ. ಇನ್ನೇನು ಬೇಕು? ಸತ್ತಿ ಎಂಬ ಊರಿನಿಂದ ಒಬ್ಬ ಹಿರಿಯರು ಬಿಳಿ ಟೋಪಿ ಹಾಕಿಕೊಂಡು ನಮ್ಮ ತೋಟಕ್ಕೆ ಬಂದು, ಅವ್ವನ ಮುಂದೆ ಕೂತು, ಕಣ್ಣೊರೆಸಿಕೊಂಡು, "ಭಾಳ ಚಲೋ ಮನುಷ್ಯಾ ಇದ್ದ ಬಿಡವಾ" ಎಂದರಂತೆ. ಆಮೇಲೆ ಹೊರಡುವಾಗ, ರಿಪೇರಿಗೆ ಕೊಟ್ಟ ತಮ್ಮ ಚಾಳೀಸು ಯಾರ ಹತ್ತಿರ ಕೇಳಬೇಕು ಎಂದು ವಿಚಾರಿಸಿದರಂತೆ. ಆಸ್ಪತ್ರೆಯ ಹಾಸಿಗೆಯಲ್ಲಿ ಈ ಕಥೆ ಕೇಳಿ ನನಗೆ ಜ್ವರ ಇನ್ನೊಂದು ಡಿಗ್ರಿ ಏರಿತು.

ಅಂತೂ ಬದುಕಿ ಬಂದೆ. ಬಂದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡವನು ಹಿಂದೆ ಸರಿದೆ. ಕೆನ್ನೆ ಒಳಗೆ, ಕಣ್ಣು ಇನ್ನೂ ಒಳಗೆ, ಕೂದಲು ಬಾಚಣಿಗೆಯಲ್ಲಿ. ಪ್ಯಾಂಟು ಬೆಲ್ಟಿನ ಕಡೆಯ ತೂತಿಗೂ ನಿಲ್ಲದೆ ಜಾರುತ್ತಿತ್ತು. ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು: ಮೊದಲು ಎರಡು ವಾರ ಬರೀ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಮೂರು ನಿಮಿಷ ನಡಿಗೆ, ಹಾಗೇ ದಿನ ಕಳೆದಂತೆ ಸ್ವಲ್ಪ ಸ್ವಲ್ಪ. ನಾನು ತಲೆಯಾಡಿಸಿ ಬಂದೆ. ನಲವತ್ತೆರಡು ಕಿಲೋಮೀಟರಿನವನಿಗೆ ಒಂದು ನಿಮಿಷದ ಪಾಠವೇ ಎಂದು ಒಳಗೊಳಗೇ ನಗುವೂ ಬಂದಿತ್ತು. ಆ ನಗು ಎಲ್ಲಿ ಮುಗಿಯಿತು ಎಂಬುದನ್ನು ಆಗಲೇ ಹೇಳಿದ್ದೇನೆ. ಟಾಕಿಯ ಹತ್ತಿರದ ಕಲ್ಲಿನ ಮೇಲೆ ಕೂತಿದ್ದಾಗ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ನನ್ನನ್ನು ದಾಟಿ ಹೋದಳು. ಸ್ವಲ್ಪ ಮುಂದೆ ಹೋಗಿ, ಹೊರೆ ಸಮೇತ ತಿರುಗಿ, "ಯಪ್ಪಾ, ಮನಿತನಕಾ ಕೈ ಹಿಡಕೊಂಡ ಬರ್ಲೇನು?" ಎಂದು ಕೇಳಿದಳು.

ನಮ್ಮ ಕಡೆಯ ರಸ್ತೆಯಲ್ಲಿ ಸಾವಕಾಶ ಓಡುವುದು ಕಷ್ಟ ಎಂಬುದೂ ಆಗಲೇ ಗೊತ್ತಾಯಿತು. ಜೋರಾಗಿ ಓಡುವವನನ್ನು ಜನ ಬಿಟ್ಟುಬಿಡುತ್ತಾರೆ. ಮೆಲ್ಲಗೆ ಓಡುವವನನ್ನು ಬಿಡುವುದಿಲ್ಲ. ಪರಿಚಯದವನೊಬ್ಬ ರಸ್ತೆಯ ಮೇಲೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರೆ ಗಾಡಿ ನಿಲ್ಲಿಸದೆ ಮುಂದೆ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಒಂದು ನಿಮಿಷ ಓಡಿ ನಡೆಯಲು ಶುರು ಮಾಡುತ್ತಿದ್ದಂತೆ ಪಕ್ಕಕ್ಕೆ ಬೈಕು. "ಹತ್ರಿ ಅಣ್ಣಾರ." ಬೇಡ ಎಂದರೆ ಅವರಿಗೆ ಅವಮಾನ. ವ್ಯಾಯಾಮಕ್ಕೆ ಬಂದಿದ್ದೇನೆ ಎಂದರೆ, ನನ್ನ ಮೈಕಟ್ಟು ನೋಡಿ ನಂಬುವುದಿಲ್ಲ. ಒಬ್ಬನಂತೂ ಕಬ್ಬು ತುಂಬಿದ ಟ್ರ್ಯಾಕ್ಟರನ್ನೇ ನಿಲ್ಲಿಸಿ, ಹಚ್ಚಿದ ಹಾಡು ಬಂದ್ ಮಾಡಿ, "ಬರ್ರಿ, ಬಾಜೂಕಿನ ಮಡ್‌ಗಾರ್ಡ್ ಮ್ಯಾಲೆ ಕುಂಡರ್ರಿ" ಎಂದ. ಅವನ ಹಿಂದೆ ಮೂರು ಟ್ರ್ಯಾಕ್ಟರ್ ನಿಂತು ಹಾರ್ನ್ ಹೊಡೆಯತೊಡಗಿದವು. ಮೊದಲ ವಾರ ನಾನು ಓಡಿದ್ದಕ್ಕಿಂತ ಲಿಫ್ಟ್ ತೆಗೆದುಕೊಂಡು ಮನೆಗೆ ಬಂದದ್ದೇ ಹೆಚ್ಚು.

ಇರಲಿ, ನನಗೆ ಯಾವ ಅವಸರವೂ ಇರಲಿಲ್ಲ. ಹೋಗಲಿ ಬಿಡು, ಬೇಸಿಗೆಯ ತನಕ ನಡೆದಾಡುತ್ತೇನೆ ಎಂದುಕೊಂಡಿದ್ದೆ. ಒಂದು ಮುಂಜಾನೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಎದುರಿಗೆ ಕೂತ ಅವ್ವನಿಗೆ ನನ್ನ ಪಾಡು ಹೇಳಿಕೊಳ್ಳುತ್ತಿದ್ದೆ. ಅವ್ವ ಹಣೆಗೆ ಪಟ್ಟಿ ಬಿಗಿದುಕೊಂಡಿದ್ದಳು. "ತಲಿ ನೋಯತೈತೇನು? ಒಂದ ಕಪ್ಪ ಚಹಾ ಕುಡಿ, ಹೋಗತೈತಿ" ಎಂದೆ. ಅವ್ವ ಎದ್ದು ಹೋದಳು. ನನ್ನ ಹೆಂಡತಿ ಸುಜಾತಾ ಒಳಗಿನಿಂದ ಬಂದು ನನ್ನೆದುರು ನಿಂತಳು. ಅವಳು ಜಯಸಿಂಗಪುರದ ಕಡೆಯವಳು. ಸಿಟ್ಟು ಬಂದಾಗ ಮಾತು ಮರಾಠಿಯಿಂದ ಶುರುವಾಗುತ್ತದೆ. "ಅಹೋ! ನಿಮಗ ಕಣ್ಣ ಅದಾವೋ ಇಲ್ಲೋ? ಊರ ಮಂದಿಗೆಲ್ಲಾ ಚಾಳೀಸ ಕೊಡ್ತೀರಿ. ಅತ್ತಿ ಚಹಾ ಬಿಟ್ಟು ಎರಡ ತಿಂಗಳಾತು."

ಕೈಯಲ್ಲಿದ್ದ ಬಶಿಯನ್ನು, ಅಂದರೆ ಚಹಾದ ಸಾಸರನ್ನು, ಕೆಳಗಿಟ್ಟೆ. ಅವ್ವ ಚಹಾ ಬಿಡುವುದು ಎಂದರೆ ಏನು ಎಂದು ನಿಮಗೆ ಗೊತ್ತಿಲ್ಲ. ಎಪ್ಪತ್ತೆರಡು ವರ್ಷದ ಅವಳಿಗೆ ಬೇರೆ ಯಾವ ಚಟವೂ ಇಲ್ಲ, ಒಡವೆಯ ಆಸೆಯಿಲ್ಲ, ಸೀರೆಯ ಆಸೆಯಿಲ್ಲ. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದವಳು, ಮುಳುಗುವ ಮುಂಚೆ ಕಡೆಯ ಚಹಾ ತಪ್ಪಬಾರದೆಂದು ಸೂರ್ಯನನ್ನೇ ನೋಡುತ್ತ ಕೂಡುವವಳು. ದಿನಕ್ಕೆ ಆರು ಸಲ, ಬಶಿಗೆ ಸುರುವಿಕೊಂಡು, ಊದಿ ಊದಿ, ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಅಂಥವಳು ಎರಡು ತಿಂಗಳಿನಿಂದ ಕುಡಿದಿಲ್ಲ. ನಾನು ಆಸ್ಪತ್ರೆಯಿಂದ ಬಂದು ಮೂರು ವಾರದಿಂದ ಅವಳ ಎದುರಿಗೇ ಕೂತು ಸುರ್ ಸುರ್ ಎಂದು ಕುಡಿಯುತ್ತಿದ್ದೇನೆ, ನನಗೆ ಗೊತ್ತೇ ಆಗಿಲ್ಲ.

ನಮ್ಮ ಜನರಲ್ಲಿ ಇದೊಂದು ಪದ್ಧತಿ. ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ, ಅದು ಕಳೆಯುವವರೆಗೆ ತನಗೆ ಪ್ರೀತಿಯಾದ ಒಂದು ಪದಾರ್ಥ ಬಿಡುವುದು. ಬಸದಿಗೆ ಹೋಗಿ, ಮುನಿ ಮಹಾರಾಜರು ಇದ್ದರೆ ಅವರ ಎದುರಿಗೆ ಕೈಮುಗಿದು ನೇಮ ತೆಗೆದುಕೊಳ್ಳುವುದು. ನಾನು ಮ್ಯಾಟ್ರಿಕ್ ಪಾಸಾಗುವವರೆಗೆ ಅವ್ವ ಬೆಲ್ಲ ಬಿಟ್ಟಿದ್ದಳು. ಗಣಿತದಲ್ಲಿ ನಾನು ಎರಡು ಸಲ ಕೂತೆನಾದ್ದರಿಂದ ಅವಳಿಗೆ ಎರಡು ಸಂಕ್ರಾಂತಿಯೂ ಸಪ್ಪೆಯೇ. ಆದರೆ ಈ ಸಲದ ನೇಮ ಬೇರೆಯೇ ಇತ್ತು. ನಾನು ಮಿರಜದಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ಅವ್ವ ಮಹಾರಾಜರ ಎದುರಿಗೆ ಹೇಳಿದ್ದಿಷ್ಟು: "ನನ್ನ ಮಗಾ ಮದಲಿನ್ಹಾಂಗ ಹೊಳಿತನಾ ಓಡಿ, ನೀರ ಮುಟ್ಟಿ, ಓಡಿಕೋತ ಮನಿಗಿ ಬರೂತನಾ ನಾ ಚಹಾ ಮುಟ್ಟೂದಿಲ್ರಿ." ಜ್ವರ ಇಳಿಯುವವರೆಗೆ ಎಂದಿದ್ದರೆ ಇಷ್ಟೊತ್ತಿಗೆ ಮುಗಿದುಹೋಗುತ್ತಿತ್ತು. ಅವ್ವ ಮಧ್ಯದಲ್ಲಿ ಆರು ಕಿಲೋಮೀಟರು ತಂದು ಇಟ್ಟಿದ್ದಳು.

ಅಂದಿನಿಂದ ನಮ್ಮ ಮನೆಯಲ್ಲಿ ಚಹಾದ ವಾಸನೆ ಬಂದರೆ ನಾನು ಎದ್ದು ಹೊರಗೆ ನಡೆಯತೊಡಗಿದೆ. ನಾನು ಅಂಗಡಿಗೆ ಹೋಗಿ ಕುಡಿಯತೊಡಗಿದೆ. ಆದರೆ ಬೀಗರು ಬಂಧುಗಳು ಬರುವುದು ತಪ್ಪುತ್ತದೆಯೇ? ಮುಗಳಖೋಡದಿಂದ ಅತ್ತಿಗೆ ಬಂದಳು, ನಿಪ್ಪಾಣಿಯಿಂದ ಸೋದರಮಾವ ಬಂದ, ಎಲ್ಲರೂ ನನ್ನನ್ನು ನೋಡಲಿಕ್ಕೆ ಬಂದವರು. ಎಲ್ಲರಿಗೂ ಚಹಾ ಆಗಲೇಬೇಕು. ಅವ್ವ ತಾನೇ ಪುಡಿ ಹಾಕಿ, ತಾನೇ ಸೋಸಿ, ಕೊಟ್ಟು ಕೂಡುತ್ತಿದ್ದಳು. ಅವರು ಕುಡಿಯುವವರೆಗೆ ಅವರ ಬಶಿಯನ್ನೇ ನೋಡುತ್ತಿದ್ದಳು. ಹಣೆಯ ಪಟ್ಟಿ ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತಿದ್ದಳು. ಎಮ್ಮೆಗೆ, ಬೆಕ್ಕಿಗೆ, ಬಾಗಿಲಿನ ಚಿಲಕಕ್ಕೆ, ಎಲ್ಲದಕ್ಕೂ ಬೈಗುಳ. ನನಗೆ ಮಾತ್ರ ಒಂದು ಮಾತೂ ಇಲ್ಲ. ಆ ಒಂದು ಮಾತು ಬಾರದಿರುವುದೇ ನನ್ನನ್ನು ಸಾಯಿಸುತ್ತಿತ್ತು. ಮಹಾರಾಜರನ್ನು ಕಂಡು ನೇಮ ಸಡಿಲ ಮಾಡಿಸೋಣ ಎಂದರೆ ಅವರು ಊರು ಬಿಟ್ಟು ಮುಂದೆ ವಿಹಾರ ಹೊರಟಾಗಿತ್ತು. ಅವ್ವನಿಗೆ ಹೇಳಿದರೆ, "ಅಳತಿ ಕಡಿಮಿ ಮಾಡಾಕ ಇದೇನ ಅರಿವಿ ಅಂಗಡಿ ಏನು?" ಎಂದಳು.

ನಾನು ಡಾಕ್ಟರರ ಒಂದು ನಿಮಿಷದ ಲೆಕ್ಕವನ್ನು ಗಾಳಿಗೆ ತೂರಿದೆ. ಮರುದಿನವೇ ಹಲ್ಲು ಕಚ್ಚಿ ಓಡಿದೆ. ಟಾಕಿ ದಾಟಿದೆ, ಬೇವಿನ ಗಿಡ ದಾಟಿದೆ, ಕಾಲುವೆಯ ಹತ್ತಿರ ಬರುವಷ್ಟರಲ್ಲಿ ಭೂಮಿ ಒಂದು ಸುತ್ತು ತಿರುಗಿತು. ಕಣ್ಣು ಬಿಟ್ಟಾಗ ಕಬ್ಬು ಕಡಿಯುವ ಗ್ಯಾಂಗಿನವರು ಸುತ್ತ ನಿಂತು ನನಗೆ ಈರುಳ್ಳಿ ಮೂಸಿಸುತ್ತಿದ್ದರು. ಅವರದೇ ಎತ್ತಿನ ಗಾಡಿಯಲ್ಲಿ, ಕಬ್ಬಿನ ಕಟ್ಟಿನ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ನನ್ನನ್ನು ಮನೆಗೆ ತಂದು ಇಳಿಸಿದರು. ಆವತ್ತು ಸುಜಾತಾ ನನ್ನ ಬೂಟುಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಅತ್ತಿಗಿ ಚಹಾ ಇಲ್ಲದಿದ್ರ ತಲಿ ನೋಯತೈತಿ. ನೀವ ಇಲ್ಲದಿದ್ರ ನನಗ ಏನ ನೋಯಬೇಕು?" ಎಂದು ಕೇಳಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಕೋಣೆಯಲ್ಲಿ ನಾನು ಓಡಲಿ ಎಂದು ತಲೆ ಕಟ್ಟಿಕೊಂಡು ಕೂತ ತಾಯಿ, ಇನ್ನೊಂದು ಕೋಣೆಯಲ್ಲಿ ನಾನು ಓಡದಿರಲಿ ಎಂದು ಟ್ರಂಕಿನ ಮೇಲೆ ಕೂತ ಹೆಂಡತಿ. ಪಡಸಾಲೆಯಲ್ಲಿ ನಾನು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಕೆಟ್ಟ ಬುದ್ಧಿ ಬರುವುದು ಸಹಜ. ನನಗೆ ಬಂತು. ಅಂಗಡಿಯ ಮುಂದೆ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ ದಸ್ತಗೀರನ ಪಕ್ಕ ಕೂತು ನನ್ನ ಉಪಾಯ ಹೇಳಿದೆ. ಟಾಕಿಯ ಹಿಂದೆ, ಕಬ್ಬಿನ ಮರೆಗೆ ಅವನು ಸ್ಕೂಟರ್ ತಂದು ನಿಲ್ಲಿಸಬೇಕು. ನಾನು ಮನೆಯಿಂದ ಟಾಕಿಯವರೆಗೆ ಹ್ಯಾಗಾದರೂ ಓಡುತ್ತೇನೆ. ಅಲ್ಲಿಂದ ಸ್ಕೂಟರ್ ಮೇಲೆ ಹೊಳೆ. ನೀರು ಮುಟ್ಟುತ್ತೇನೆ. ಸ್ಕೂಟರ್ ಮೇಲೆ ಹೊಳ್ಳಿ ಟಾಕಿ. ಅಲ್ಲಿಂದ ಓಡುತ್ತ ಮನೆ. ಅವ್ವನಿಗೆ ಚಹಾ. ದಸ್ತಗೀರ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುವುದನ್ನೇ ನೋಡುತ್ತಿದ್ದ. "ಲೇ ಸುಕ್ಯಾ, ಇದು ನನಗ ಬರೋಬರಿ ಅನಸಾಕತ್ತಿಲ್ಲ. ರಮಜಾನದಾಗ ರೋಜಾ ಇದ್ದಾಗ ನಮ್ಮ ಅಮ್ಮಿಗಿ ಯಾರರೆ ಸುಳ್ಳ ಹೇಳಿ ನೀರ ಕುಡಿಸಿದ್ರ ನಾ ಅವನ ಕಾಲ ಮುರೀತಿದ್ದೆ" ಎಂದ. ನಾನು ಅವ್ವನ ತಲೆನೋವಿನ ವರ್ಣನೆ ಮಾಡಿದೆ. ಅವನ ತಾಯಿ ತೀರಿಕೊಂಡಾಗ ನಮ್ಮವ್ವನೇ ಹದಿನೈದು ದಿನ ಅವರ ಮನೆಗೆ ಚಹಾದ ಕಿಟ್ಲಿ ಕಳಿಸಿದ್ದನ್ನೂ ನೆನಪಿಸಿದೆ. ಪಾಪ, ಅವನು ಸೋತ.

ಅಂದುಕೊಂಡಂತೆಯೇ ನಡೆಯಿತು. ಸುಜಾತಾ ಎಮ್ಮೆ ಹಿಂಡಲು ಹೋದ ಹೊತ್ತಿನಲ್ಲಿ, ಬೂಟಿಲ್ಲದೆ ಹಳೆಯ ಚಪ್ಪಲಿಯಲ್ಲಿಯೇ ಹೊರಬಿದ್ದೆ. ಅವ್ವ ನನ್ನನ್ನು ನೋಡಿದಳು. ಸ್ಕೂಟರ್ ಮೇಲೆ ಹೊಳೆಗೆ ಹೋದೆವು. ನೀರು ಮುಟ್ಟಿದಾಗ ಕೈ ಜುಮ್ಮೆಂದಿತು, ಥಂಡಿಗೆ ಎಂದುಕೊಂಡೆ. ಸಾಕ್ಷಿ ಬೇಕಾದೀತೆಂದು ಹೊಳೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡೆ. ಬಾಟಲಿಯ ನೀರನ್ನು ಕುತ್ತಿಗೆಗೆ, ಬೆನ್ನಿಗೆ ಚಿಮುಕಿಸಿಕೊಂಡು ಬೆವರು ಮಾಡಿಕೊಂಡೆ. ಎಲ್ಲಿ ಆಯಾಸವಾಯಿತು, ಎಲ್ಲಿ ನಾಯಿ ಬೆನ್ನಟ್ಟಿತು ಎಂದು ದಾರಿಯುದ್ದಕ್ಕೂ ಕಥೆ ಕಟ್ಟಿಕೊಂಡೆ. ಟಾಕಿಯಿಂದ ಓಡಿ ಅಂಗಳಕ್ಕೆ ಬಂದು ಕಟ್ಟೆ ಹಿಡಿದು ನಿಂತೆ. ಏದುಸಿರು ಮಾತ್ರ ಖರೆಯದು. ಅವ್ವ ಕೇಳಿದಳು: "ಹೊಳಿ ಮುಟ್ಟಿ ಬಂದಿ?" ಹೂಂ ಎಂದೆ. "ಓಡಿಕೋತ?" ಹೂಂ ಎಂದೆ.

ಅಷ್ಟೇ. ಇನ್ನೊಂದು ಪ್ರಶ್ನೆಯಿಲ್ಲ. ನನ್ನ ಫೋಟೋ, ನನ್ನ ಬೆವರು, ನನ್ನ ನಾಯಿ, ಯಾವುದೂ ಅವಳಿಗೆ ಬೇಕಾಗಲಿಲ್ಲ. ನಾನು ಅಷ್ಟೆಲ್ಲ ತಯಾರಿ ಮಾಡಿಕೊಂಡು ಬಂದದ್ದು ನಂಬದವರಿಗಾಗಿ. ಅವ್ವ ನಂಬುವವಳು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳು ಹಣೆಯ ಪಟ್ಟಿ ಬಿಚ್ಚಿದಳು. ಮುಖ ತೊಳೆದುಕೊಂಡು ಬಸದಿಯ ದಿಕ್ಕಿಗೆ ಕೈಮುಗಿದಳು. "ಸುಜಾತಾ, ಚಹಾ ಇಡವಾ. ದಸ್ತಗೀರನೂ ಬಂದಾನ, ನಾಕ ಕಪ್ಪ ಇಡು" ಎಂದಳು. ದಸ್ತಗೀರ ಹಿಂದಿನಿಂದ ಮೆಲ್ಲಗೆ ಸ್ಕೂಟರ್ ತಳ್ಳಿಕೊಂಡು ಬಂದು, ಅಂಗಳದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಚಹಾ ಬಂತು. ಯಾಲಕ್ಕಿಯ ವಾಸನೆ ಪಡಸಾಲೆಯ ತುಂಬ ಹರಡಿತು. ಅವ್ವ ಕಾಲು ಮಡಚಿ ಕೂತು, ಬಶಿಗೆ ಸುರುವಿಕೊಂಡು, ಎರಡೂ ಕೈಯಿಂದ ಎತ್ತಿ ಊದಿದಳು. ಅವಳ ಕಣ್ಣು ಮುಚ್ಚಿದವು. ಬಶಿ ತುಟಿಯ ಹತ್ತಿರ ಬಂತು.

ಒಂದು ಗುಟುಕು ಕುಡಿದರೂ ಅವ್ವನ ನೇಮ ಮುರಿಯುತ್ತದೆ. ಮುರಿದದ್ದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಎಪ್ಪತ್ತೆರಡು ವರ್ಷ ಒಂದು ನೇಮವನ್ನೂ ಮುರಿಯದವಳ ನೇಮವನ್ನು ನಾನು ಮುರಿಸುತ್ತಿದ್ದೇನೆ, ಅದೂ ಅವಳ ಮೇಲಿನ ಪ್ರೀತಿಗೆ ಎಂದು ನನಗೆ ನಾನೇ ಹೇಳಿಕೊಂಡು. "ಅವ್ವಾ, ತಡಿ! ಕುಡೀಬ್ಯಾಡ!" ಎಂದು ಕೂಗಿದೆ. ಎಷ್ಟು ಜೋರಾಗಿ ಕೂಗಿದೆ ಎಂದರೆ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಸುಜಾತಾ ಕೈಯಲ್ಲಿನ ಕಿಟ್ಲಿ ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ: ಟಾಕಿ, ಕಬ್ಬಿನ ಮರೆ, ಸ್ಕೂಟರ್, ಬಾಟಲಿಯ ನೀರು. ನಾಯಿ ಬೆನ್ನಟ್ಟಿದ ಕಥೆಯನ್ನೂ ಸುಳ್ಳು ಎಂದು ಒಪ್ಪಿಕೊಂಡೆ. ಅದನ್ನು ಇನ್ನೂ ಹೇಳಿಯೇ ಇರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಅವ್ವನ ಕೈಯಲ್ಲಿ ಬಶಿ ಹಾಗೇ ಇತ್ತು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಹೆದರಿದೆ. ಅವ್ವ ಬಶಿಯಲ್ಲಿನ ಚಹಾವನ್ನು ಒಂದು ಹನಿಯೂ ಚೆಲ್ಲದಂತೆ ಕಪ್ಪಿಗೆ ಹೊಳ್ಳಿ ಸುರುವಿದಳು. "ತಗೋ ದಸ್ತಗೀರಾ, ನೀ ಕುಡಿ. ಇವನ್ನ ಹೊತಗೊಂಡ ತಿರಗಿ ದಣದಿ" ಎಂದು ಅವನ ಕಡೆ ಸರಿಸಿದಳು. ಅವನು ಔಷಧ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿದ. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂಗ ಅವಸರ ಮಾಡಂತ ಯಾರ ಹೇಳಿದ್ರು?"

"ನಿನ್ನ ತಲಿನೋವು ನೋಡಾಕ ಆಗಲಿಲ್ಲವಾ."

"ತಲಿ ನಂದು, ನೋವ ನಂದು. ನಿಂದೇನ ಹೋಗಾಕತ್ತಿತ್ತು?" ಎಂದಳು. "ಮಿರಜದಾಗ ನೀ ಕಣ್ಣ ತಗೀದ ಮಲಗಿದ್ದಿ. ಡಾಕ್ಟರ್ ಔಷಧ ಕೊಟ್ರು. ಸುಜಾತಾ ಹಗಲಿ ರಾತ್ರಿ ಕುಂತ್ಲು. ಈ ದಸ್ತಗೀರ ಔಷಧಕ್ಕ ಓಡ್ಯಾಡಿದ. ನಾ ಏನ ಮಾಡ್ಲಿ? ನಂಗ ಓದಾಕ ಬರೂದಿಲ್ಲ, ಓಡಾಕ ಬರೂದಿಲ್ಲ. ನಿಂಗಂತ ಏನರೆ ಕೊಡಬೇಕು ಅನಸ್ತು. ಕೊಟ್ಟೆ. ಅದನ್ನ ಲಗೂ ಹೊಳ್ಳಿ ತಗೋಬೇಕು ಅಂತ ಕೊಟ್ಟಿಲ್ಲ. ವರ್ಷ ಆಗ್ಲಿ, ಎರಡ ವರ್ಷ ಆಗ್ಲಿ. ಸಾವಕಾಶ ಓಡು."

ನಾನು ಅತ್ತೆ. ಯಾವ ಸಂಕೋಚವೂ ಇಲ್ಲದೆ, ದಸ್ತಗೀರನ ಮುಂದೆಯೇ ಅತ್ತೆ. ನಾನು ಓಡಿದ ದೂರವನ್ನೆಲ್ಲ ನಾನು ಒಬ್ಬನೇ ಓಡಿದ್ದು ಎಂದುಕೊಂಡಿದ್ದವನಿಗೆ ಅಷ್ಟು ನಾಚಿಕೆಯಾಗಿತ್ತು. ಸುಜಾತಾ ಒಳಗೆ ಹೋಗಿ, ಟ್ರಂಕಿನ ಬೀಗ ತೆಗೆದು, ಬೂಟು ತಂದು ನನ್ನ ಮುಂದೆ ಇಟ್ಟಳು. "ಡಾಕ್ಟರ್ ಹೇಳಿದಷ್ಟ. ಒಂದ ನಿಮಿಷ ಅಂದ್ರ ಒಂದ ನಿಮಿಷ" ಎಂದಳು.

ಒಂದು ನಿಮಿಷ ಎಂದರೆ ಒಂದೇ ನಿಮಿಷ ಓಡಿದೆ. ಮೂರು ನಿಮಿಷ ನಡೆದೆ. ಲಿಫ್ಟ್ ಕೊಡಲು ಬಂದವರಿಗೆಲ್ಲ ಕೈಮುಗಿದು, "ಅವ್ವನ ನೇಮ ಐತ್ರಿ" ಎನ್ನತೊಡಗಿದೆ. ಆ ಒಂದು ಮಾತಿಗೆ ಎಂಥ ಬಲವಿತ್ತು ನೋಡಿ! ಡಾಕ್ಟರರ ಮಾತು ಹೇಳಿದರೆ ನಂಬದವರು, ಇದನ್ನು ಕೇಳಿ ಗಾಡಿ ಬಂದ್ ಮಾಡಿ ನಿಂತು, "ಓಡ್ರಿ ಅಣ್ಣಾರ, ಓಡ್ರಿ" ಎನ್ನುತ್ತಿದ್ದರು. ಟ್ರ್ಯಾಕ್ಟರಿನವರು ನನಗೆ ದಾರಿ ಬಿಟ್ಟು ಸರಿಯತೊಡಗಿದರು. ಹುಲ್ಲಿನ ಹೊರೆಯ ಮುದುಕಿ ದಿನವೂ, "ಇನ್ನಾ ಎಷ್ಟ ದಿನಾ ಆಕಿನ್ನ ಉಪಾಸ ಕೆಡವ್ತೀ?" ಎಂದು ವಿಚಾರಿಸುವಳು. ಆದರೂ ನಾನು ಅವಸರ ಮಾಡಲಿಲ್ಲ. ಎರಡು ನಿಮಿಷವಾಯಿತು, ಐದಾಯಿತು, ಕಾಲುವೆ ದಾಟಿದೆ, ಒಂದು ದಿನ ಹೊಳೆ ಕಾಣಿಸಿತು, ಇನ್ನೊಂದು ದಿನ ಮುಟ್ಟಿದೆ, ನಡೆದು ಬಂದೆ. ಕಬ್ಬಿನ ಹಂಗಾಮು ಮುಗಿದು ಗ್ಯಾಂಗಿನವರು ಊರಿಗೆ ಹೊರಟ ವಾರದಲ್ಲಿ, ಒಂದು ಮುಂಜಾನೆ, ಎಲ್ಲೂ ನಿಲ್ಲದೆ, ಎಲ್ಲೂ ನಡೆಯದೆ ಹೋಗಿ ಬಂದೆ. ದಸ್ತಗೀರ ಹಿಂದೆಯೇ ಬರುತ್ತಿದ್ದ. ನನಗಿಂತ ಹೆಚ್ಚು ಬೆವೆತಿದ್ದ. ಅಂಗಳಕ್ಕೆ ಬಂದಾಗ ಅವ್ವ ಅದೇ ಎರಡು ಪ್ರಶ್ನೆ ಕೇಳಿದಳು. ನಾನು ಎರಡಕ್ಕೂ ಹೂಂ ಎಂದೆ. ಅವಳು ಈ ಸಲವೂ ನಂಬಿದಳು.

ಚಹಾ ಬಂತು. ಅವ್ವ ಕುಡಿದಳು. ನಾವು ಮೂವರೂ ಉಸಿರು ಹಿಡಿದು ನಿಂತಿದ್ದೆವು. ಬಶಿ ಕೆಳಗಿಟ್ಟು, ತುಟಿ ಒರೆಸಿಕೊಂಡು, "ಸಕ್ಕರಿ ಕಡಿಮಿ ಆತು. ಇನ್ನೊಂದ ಇಡು" ಎಂದಳು. ಆವತ್ತು ಹೊತ್ತು ಮುಳುಗುವುದರೊಳಗೆ ಒಂಬತ್ತು ಕಪ್ಪು ಕುಡಿದಳು. ಎಮ್ಮೆಗೆ, ಬೆಕ್ಕಿಗೆ, ಚಿಲಕಕ್ಕೆ ಎಲ್ಲರಿಗೂ ಒಳ್ಳೆಯ ದಿನ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮರುದಿನ ಅಲಾರ್ಮ್ ಹೊಡೆಯಿತು. ಬಂದ್ ಮಾಡಿ ಮಲಗಿದೆ. ಅದರ ಮರುದಿನವೂ ಹೊಡೆಯಿತು. ಅಲಾರ್ಮನ್ನೇ ತೆಗೆದುಹಾಕಿದೆ. ಚಾದರ ಬೆಚ್ಚಗಿತ್ತು, ಹೊರಗೆ ಅವ್ವ ಚಹಾ ಊದುವ ಸದ್ದು ಕೇಳುತ್ತಿತ್ತು, ಲೋಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೀಗೆ ಹತ್ತು ದಿನ ಕಳೆದ ಮೇಲೆ ಪ್ಯಾಂಟಿನ ಗುಂಡಿ ಬಿಗಿಯಾದದ್ದು ನೋಡಿ ಬೆಚ್ಚಿಬಿದ್ದೆ. ಜ್ವರವಿಲ್ಲ, ನೋವಿಲ್ಲ, ಬೂಟು ಕಣ್ಣೆದುರೇ ಇದೆ, ಕಾಲು ಮಾತ್ರ ಏಳುವುದಿಲ್ಲ. ಯಾರಾದರೂ ತಲೆಗೆ ಪಟ್ಟಿ ಕಟ್ಟಿಕೊಂಡು ಕೂಡದ ಹೊರತು ಓಡಲಾರದ ಮನುಷ್ಯನಾಗಿಬಿಟ್ಟಿದ್ದೇನೆ ಎಂದು ಗೊತ್ತಾದಾಗ ಆದಷ್ಟು ದಿಗಿಲು, ಟೈಫಾಯ್ಡ್ ಎಂದು ಕೇಳಿದಾಗಲೂ ಆಗಿರಲಿಲ್ಲ. ಮೆಲ್ಲಗೆ ಎದ್ದು ಅವ್ವನ ಪಕ್ಕ ಹೋಗಿ ಕೂತು, ತಲೆ ಕೆರೆದುಕೊಂಡು, "ಅವ್ವಾ, ಇನ್ನೊಂದ ನೇಮಾ ತಗೋತಿಯೇನು? ಸಣ್ಣದು. ಒಂದ ತಿಂಗಳದ್ದು" ಎಂದು ಕೇಳಿದೆ.

ಅವ್ವ ಬಶಿಯನ್ನು ನನ್ನಿಂದ ದೂರದ ಕೈಗೆ ಬದಲಾಯಿಸಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಸಲ ನೀನ ತಗೋ. ನನಕಿಂತ ನಿನ್ನ ಕಡೆ ಬಿಡಾಕ ಭಾಳ ಅದಾವು" ಎಂದಳು.

"ನನ್ನ ಕಡೆ ಏನೈತೆವಾ ಅಂಥಾದ್ದು?" ಎಂದೆ. ಅದು ನನ್ನ ತಪ್ಪು. ಉತ್ತರ ಅವ್ವನಿಂದ ಬರಲಿಲ್ಲ, ಅಡಿಗೆಮನೆಯಿಂದ ಬಂತು. "ಅಹೋ, ನಾ ಹೇಳ್ತೀನಿ ಬರಕೋರಿ" ಎಂದು ಸುಜಾತಾ ಶುರು ಮಾಡಿದಳು. ಮಧ್ಯಾಹ್ನದ ನಿದ್ದೆ, ಉಣ್ಣುವಾಗ ಮೊಬೈಲು, ಪಾಯಖಾನೆಗೆ ಪೇಪರು ಒಯ್ಯುವುದು, ಬಂದವರಿಗೆಲ್ಲ ಮ್ಯಾರಥಾನ್ ಕಥೆ ಹೇಳುವುದು. ಅವಳ ದನಿಯಲ್ಲಿ ಹದಿನೆಂಟು ವರ್ಷದ ಸಂಸಾರದ ತಯಾರಿ ಇತ್ತು. ಅವ್ವ ಒಂದೊಂದಕ್ಕೂ ತಲೆಯಾಡಿಸುತ್ತ ಚಹಾ ಕುಡಿಯುತ್ತಿದ್ದಳು. ಐದನೆಯದಕ್ಕೆ ನನ್ನ ಕಾಲಿಗೆ ಬೂಟು ಬಂದಿದ್ದವು, ಆರನೆಯದಕ್ಕೆ ನಾನು ಟಾಕಿ ದಾಟಿದ್ದೆ. ಆವತ್ತು ಹೊಳೆ ಮುಟ್ಟಿದಷ್ಟು ಬೇಗ ನಾನು ಮ್ಯಾರಥಾನಿಗೆ ಮುಂಚೆಯೂ ಎಂದೂ ಮುಟ್ಟಿರಲಿಲ್ಲ. ಸುಜಾತಾಳ ಪಟ್ಟಿ ಮುಗಿದಿದೆಯೋ ಇಲ್ಲವೋ ಗೊತ್ತಾಗದೆ, ದಂಡೆಯ ಮೇಲೆ ಇನ್ನೊಂದು ಅರ್ಧ ತಾಸು ಕೂತು ಬಂದೆ.